ಪ್ರಯಾಣದಲ್ಲಿ ದುಡ್ಡು, ಪಾಸ್‌ಪೋರ್ಟ್ ಮೈಮೇಲೆ ಎಲ್ಲಿರಬೇಕು?

ಮನಿ ಬೆಲ್ಟ್ (ಬಟ್ಟೆಯೊಳಗೆ ಸೊಂಟಕ್ಕೆ ಕಟ್ಟಿಕೊಳ್ಳುವ ತೆಳು ಪೌಚು) ಕೊಳ್ಳಲು ಹೊರಡುವ ಮೊದಲು ಒಯ್ಯಬೇಕೆಂದಿರುವ ಬೆಲೆಬಾಳುವ ವಸ್ತುಗಳನ್ನೆಲ್ಲ ಮಂಚದ ಮೇಲೆ ಹರಡಿ. ಪಾಸ್‌ಪೋರ್ಟ್, ನೋಟು, ಕಾರ್ಡು, ಫೋನು, ಬೀಗದ ಕೈ, ಔಷಧಿ, ಒಡವೆ. ಒಂದೊಂದನ್ನೇ ಕೈಗೆತ್ತಿಕೊಂಡು ಕೇಳಿಕೊಳ್ಳಿ: ಇದು ಎಷ್ಟು ಹೊತ್ತಿಗೊಮ್ಮೆ ಬೇಕಾಗುತ್ತದೆ? ಬೆಲೆ ಎಷ್ಟು ಅನ್ನುವುದು ಆಮೇಲಿನ ಮಾತು.

ಗಂಟೆಗೊಮ್ಮೆ ಬೇಕಾಗುವುದು ಫೋನು ಮತ್ತು ಚಿಲ್ಲರೆ ದುಡ್ಡು. ದಿನಕ್ಕೊಂದೆರಡು ಸಲ ಬೇಕಾಗುವುದು ಒಂದು ಕಾರ್ಡು, ದೊಡ್ಡ ನೋಟು. ಪಾಸ್‌ಪೋರ್ಟ್, ಎರಡನೆಯ ಕಾರ್ಡು, ಆಪತ್ತಿಗೆಂದು ಎತ್ತಿಟ್ಟ ದುಡ್ಡು ವಾರಕ್ಕೊಮ್ಮೆ ಬೇಕಾದರೆ ಹೆಚ್ಚು. ಇನ್ನು ಒಡವೆ, ಬಳಸದ ಖಾತೆಗಳ ಕಾರ್ಡು, ಕಚೇರಿಯ ಬೀಗದ ಕೈ ಗೊಂಚಲು ಇವು ಒಮ್ಮೆಯೂ ಬೇಕಾಗುವುದಿಲ್ಲ. ಅವು ಮನೆಯಲ್ಲೇ ಉಳಿಯಲಿ.

ಬಟ್ಟೆಯೊಳಗಿನ ಪೌಚು ಮೂರನೆಯ ಗುಂಪಿಗೆ ಮಾತ್ರ. ತುಂಬಾ ಜನ ಎಡವುವುದು ಇಲ್ಲೇ. ಇದ್ದದ್ದನ್ನೆಲ್ಲ ಅದರಲ್ಲಿ ತುರುಕಿ, ಟಿಕೆಟ್ ಕೌಂಟರಿನ ಮುಂದೆ ಅಂಗಿ ಎತ್ತಿ ಜಿಪ್ ಎಳೆಯುತ್ತಾರೆ. ಸಾಲಿನಲ್ಲಿ ನಿಂತ ಅಷ್ಟೂ ಜನಕ್ಕೆ ದುಡ್ಡು ಎಲ್ಲಿದೆ ಅಂತ ಗೊತ್ತಾಗುತ್ತದೆ. ಒಳಪೌಚು ತೆರೆಯಬೇಕಾದರೆ ಚಿಲಕ ಹಾಕಿದ ಬಾಗಿಲ ಹಿಂದೆ ತೆರೆಯಬೇಕು. ಬೆಳಗ್ಗೆ ಕೋಣೆ ಬಿಡುವ ಮುಂಚೆ ಅಂದಿನ ಖರ್ಚಿನಷ್ಟನ್ನು ಪರ್ಸಿಗೆ ವರ್ಗಾಯಿಸಿದರೆ ಸಂಜೆಯ ತನಕ ಅದನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಅಳತೆ

ಪಾಸ್‌ಪೋರ್ಟ್ ಪುಸ್ತಕ 125 ಮಿ.ಮೀ. ಉದ್ದ, 88 ಮಿ.ಮೀ. ಅಗಲ. ಬ್ಯಾಂಕ್ ಕಾರ್ಡು ಸುಮಾರು 86 ಮಿ.ಮೀ. ಉದ್ದ, 54 ಮಿ.ಮೀ. ಅಗಲ. ಪೌಚಿನ ಒಳ ಅಳತೆ 15 ಸೆಂ.ಮೀ., 11 ಸೆಂ.ಮೀ. ಇದ್ದರೆ ಸಾಕು. ಅದಕ್ಕಿಂತ ದೊಡ್ಡದಾದರೆ ಜಾಗ ಇದೆಯಲ್ಲ ಅಂತ ಏನೇನೋ ಸೇರಿಕೊಳ್ಳುತ್ತದೆ. ತುಂಬಿದ ಮೇಲೆ ದಪ್ಪ 1 ಸೆಂ.ಮೀ. ದಾಟಬಾರದು: ಪಾಸ್‌ಪೋರ್ಟ್, ಎರಡು ಕಾರ್ಡು, ಒಂದೇ ಮಡಿಕೆಯ ಹತ್ತು ಹದಿನೈದು ನೋಟು. ಪಾಸ್‌ಪೋರ್ಟಿನ ಚರ್ಮದ ಕವರು ತೆಗೆದಿಡಿ, ಅರ್ಧ ದಪ್ಪ ಅದರದೇ ಇರುತ್ತದೆ. ನಾಣ್ಯ ಬೇಡವೇ ಬೇಡ. ಮೈಗೆ ಒತ್ತುವುದು ಸಾಲದೆಂದು ಸ್ಕ್ಯಾನರಿನಲ್ಲಿ ಸದ್ದನ್ನೂ ಮಾಡಿಸುತ್ತದೆ.

ಸೊಂಟದ ಪಟ್ಟಿ

ಪ್ಯಾಂಟು ಹಾಕುವವರಿಗೆ ಇದೇ ಎಲ್ಲಕ್ಕಿಂತ ಭದ್ರ, ಆದರೆ ಕಟ್ಟಿಕೊಳ್ಳುವ ಕ್ರಮ ಸರಿಯಿರಬೇಕು. ಚಿತ್ರಗಳಲ್ಲಿ ತೋರಿಸುವಂತೆ ಹೊಕ್ಕುಳದ ಮೇಲೆ ಕಟ್ಟಿದರೆ ಕುಳಿತ ಕೂಡಲೇ ಪಾಸ್‌ಪೋರ್ಟಿನ ಮೇಲಂಚು ಹೊಟ್ಟೆಗೆ, ಕೆಳಮೂಲೆ ತೊಡೆಯ ಸಂದಿಗೆ ಚುಚ್ಚುತ್ತದೆ. ಪುಸ್ತಕ ಸೆಟೆದಿರುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ. ಎರಡೂ ಒಂದೇ ಜಾಗದಲ್ಲಿರಲಾರವು. ಪೌಚನ್ನು ಹೊಕ್ಕುಳದಿಂದ ಒಂದು ಅಂಗೈಯಗಲ ಪಕ್ಕಕ್ಕೆ, ಸೊಂಟದ ಮೂಳೆಯ ಕಡೆಗೆ ಸರಿಸಿ. ಪಾಸ್‌ಪೋರ್ಟ್ ಅಡ್ಡಡ್ಡ ಮಲಗಿರಲಿ. ಪೌಚಿನ ಮೇಲಂಚು ಪ್ಯಾಂಟಿನ ಪಟ್ಟಿಯ ಕೆಳಗೇ ಇರಲಿ. ಅಂಗಿ ಮೇಲೆದ್ದರೂ ಆಗ ಏನೂ ಕಾಣುವುದಿಲ್ಲ.

ಬಕಲ್ ಬೆನ್ನುಮೂಳೆಯ ಮೇಲೆ ಬಂದರೆ ಕುರ್ಚಿಗೆ ಒರಗಿದಾಗ, ಬೆನ್ನಚೀಲ ಹೊತ್ತಾಗ ಅಲ್ಲೇ ಒತ್ತುತ್ತದೆ. ಪೌಚಿನ ಎದುರು ಪಕ್ಕಕ್ಕೆ ತನ್ನಿ. ಎಲಾಸ್ಟಿಕ್ ಕನಿಷ್ಠ 2.5 ಸೆಂ.ಮೀ. ಅಗಲದ್ದಾಗಿರಬೇಕು, ಕಿರಿದಾದದ್ದು ಮಧ್ಯಾಹ್ನದ ಹೊತ್ತಿಗೆ ಹಗ್ಗದಂತೆ ಸುರುಳಿಯಾಗಿ ಚರ್ಮದಲ್ಲಿ ಗೆರೆ ಮೂಡಿಸುತ್ತದೆ. ನಿಂತಾಗ ಎರಡು ಬೆರಳು ಸಲೀಸಾಗಿ ಒಳಹೋಗುವಷ್ಟು ಸಡಿಲ ಸಾಕು. ಬಿಗಿಯಾದರೆ ತುರಿಕೆ. ತೀರಾ ಸಡಿಲವಾದರೆ ಪೌಚು ಮಗುಚಿಕೊಂಡು ಜಿಪ್ ಹೊರಗೆ ಕಾಣುತ್ತದೆ.

ಬಟ್ಟೆ ನೋಡುವಾಗ ಮೈಗೆ ತಾಗುವ ಬದಿಯನ್ನೇ ನೋಡಿ. ಬರೀ ನೈಲಾನ್ ತೆಳ್ಳಗಿರುತ್ತದೆ, ಆದರೆ ಬೆವರಿಗೆ ಅಂಟಿಕೊಳ್ಳುತ್ತದೆ. ಬರೀ ಹತ್ತಿ ಮೆತ್ತಗಿರುತ್ತದೆ, ಆದರೆ ನೆನೆದರೆ ಒಣಗಲು ತಡ. ಹೊರಗೆ ತೆಳು ನೈಲಾನ್, ಒಳಗೆ ಜಾಲರಿ ಬಟ್ಟೆ ಇದ್ದರೆ ಮೇಲು. ಅಂಗಡಿಯಲ್ಲೇ ಒಳಹೊಲಿಗೆಯ ಮೇಲೆ ಬೆರಳಾಡಿಸಿ. ಅಲ್ಲಿ ಬೆರಳಿಗೆ ತುಸು ಗೀರಿದಂತಾದರೂ ಆರು ಗಂಟೆ ನಡೆದ ಮೇಲೆ ಸೊಂಟದ ಚರ್ಮ ಕೆಂಪಾಗುವುದು ಖಂಡಿತ. ಬನಿಯನ್ನಿನ ಮೇಲೆ ಕಟ್ಟಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಬಟ್ಟೆ ಯಾವುದೇ ಇರಲಿ, ಬೆವರು ಒಳಗೆ ಇಳಿದೇ ಇಳಿಯುತ್ತದೆ. ಹಾಗಾಗಿ ಒಳಗಿನದನ್ನೆಲ್ಲ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಅಂಗೈಯಿಂದ ಗಾಳಿ ಒತ್ತಿ ತೆಗೆದು ಮುಚ್ಚಿ. ಒದ್ದೆಯಾದ ನೋಟು ಒಣಗಿಸಬಹುದು. ಹಾಳೆ ಉಬ್ಬಿ ಸೊಟ್ಟಗಾದ, ಮುದ್ರೆಯ ಶಾಯಿ ಹರಡಿದ ಪಾಸ್‌ಪೋರ್ಟನ್ನು ಗಡಿಯಲ್ಲಿ ಒಪ್ಪದೇ ಹೋಗಬಹುದು. ಆ ಕವರು ಮಡಿಕೆಯಲ್ಲಿ ಬೇಗ ಹರಿಯುತ್ತದೆ, ಇನ್ನೆರಡು ಜೊತೆಗಿರಲಿ.

ಕೊರಳು, ಕಾಲು, ಬೆಲ್ಟು

ಕೊರಳಿಗೆ ಹಾಕುವ ಪೌಚಿನ ದಾರ ಹಿಂದುಗಡೆ ಕಾಲರಿನ ಮೇಲೆ ಕಾಣುತ್ತದೆ, ಬಗ್ಗಿದರೆ ಪೌಚೇ ಹೊರಗೆ ನೇತಾಡುತ್ತದೆ. ಆದರೆ ಅದನ್ನೇ ಒಂದು ಹೆಗಲ ಮೇಲಿಂದ ಅಡ್ಡಲಾಗಿ ಹಾಕಿ, ಪೌಚು ಕಂಕುಳ ಕೆಳಗೆ ಪಕ್ಕೆಗೆ ಬರುವಂತೆ ದಾರ ಮೋಟು ಮಾಡಿಕೊಂಡರೆ ಸಂಗತಿಯೇ ಬೇರೆ. ಸೊಂಟಪಟ್ಟಿ ಇಲ್ಲದ ಉಡುಪು ತೊಡುವವರಿಗೆ, ಗರ್ಭಿಣಿಯರಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ನಾವು ಹೇಳುವುದು ಇದನ್ನೇ. ದಾರ ದುಂಡಗಿರದೆ ಒಂದೂವರೆ ಸೆಂ.ಮೀ. ಅಗಲದ ಚಪ್ಪಟೆ ಪಟ್ಟಿಯಾಗಿರಲಿ. ಎಳೆದರೆ ಬಿಚ್ಚಿಕೊಳ್ಳುವ ಕ್ಲಿಪ್ ಇಲ್ಲದ ದಾರವನ್ನು ಕೊರಳಲ್ಲಿ ಹಾಕಿಕೊಂಡು ಮಲಗಬೇಡಿ.

ಕಾಲಿನ ಮೀನಖಂಡಕ್ಕೆ ಕಟ್ಟುವ ಪೌಚು ನಡೆದಷ್ಟೂ ಜಾರುತ್ತದೆ. ಬಿಗಿಯಾಗಿ ಕಟ್ಟಿ ಹತ್ತು ಗಂಟೆ ಕುಳಿತರೆ ಕಾಲು ಊದಿ ಪಟ್ಟಿ ಇನ್ನಷ್ಟು ಬಿಗಿಯುತ್ತದೆ. ನಮ್ಮ ಆಯ್ಕೆ ಅಲ್ಲ.

ಒಳಮೈಯಲ್ಲಿ ಜಿಪ್ ಇರುವ ಪ್ಯಾಂಟಿನ ಬೆಲ್ಟಿಗೆ ಉದ್ದುದ್ದ ಮೂರು ಮಡಿಕೆ ಮಾಡಿದ ನಾಲ್ಕೈದು ನೋಟು ಹಿಡಿಸುತ್ತವೆ, ಕಾರ್ಡು ಹಿಡಿಸುವುದಿಲ್ಲ. ಆದರೆ ಬೆಲ್ಟಿನಲ್ಲಿ ದುಡ್ಡಿದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಕೊನೆಯ ಆಪತ್ತಿನ ದುಡ್ಡಿಗೆ ಒಳ್ಳೆಯ ಜಾಗ.

ಮನೆಯಲ್ಲೇ ಹೊಲಿದುಕೊಳ್ಳುವುದಾದರೆ

ಎಲಾಸ್ಟಿಕ್ಕೇ ಆಗದವರಿಗೆ ಬೆಲ್ಟಿಗೆ ಸಿಕ್ಕಿಸಿ ಒಳಗೆ ಇಳಿಬಿಡುವ ಚೀಲ ಹಿತ. 14 ಸೆಂ.ಮೀ. ಅಗಲ, 38 ಸೆಂ.ಮೀ. ಉದ್ದದ ಒತ್ತು ನೇಯ್ಗೆಯ ತೆಳು ಹತ್ತಿಬಟ್ಟೆ ಕತ್ತರಿಸಿ. ಅಗಲದ ಎರಡೂ ತುದಿಗಳನ್ನು 1 ಸೆಂ.ಮೀ.ಯಂತೆ ಎರಡು ಸಲ ಮಡಚಿ ಹೊಲಿದರೆ ಉದ್ದ 34 ಆಗುತ್ತದೆ. ಒಳಬದಿ ಹೊರಗೆ ಬರುವಂತೆ ಅರ್ಧಕ್ಕೆ ಮಡಚಿ, ಎರಡೂ ಪಕ್ಕ 1 ಸೆಂ.ಮೀ. ಬಿಟ್ಟು ಹೊಲಿದು ಮಗುಚಿ. 12 ಸೆಂ.ಮೀ. ಅಗಲ, 17 ಸೆಂ.ಮೀ. ಆಳದ ಚೀಲ ಸಿದ್ಧ. ಪಾಸ್‌ಪೋರ್ಟ್ ನೆಟ್ಟಗೆ ಇಳಿದ ಮೇಲೆ ಇನ್ನೂ ನಾಲ್ಕು ಸೆಂ.ಮೀ. ಮೇಲುಳಿಯುತ್ತದೆ, ಕೆಳಕ್ಕೆ ಬಗ್ಗಿದರೂ ಜಾರಿ ಬೀಳದಿರಲು ಅಷ್ಟು ಬೇಕು.

ಬೆಲ್ಟಿನದೇ ಬಣ್ಣದ, 2 ಸೆಂ.ಮೀ. ಅಗಲದ ಗಟ್ಟಿ ಪಟ್ಟಿಯಿಂದ 18 ಸೆಂ.ಮೀ.ಯ ಎರಡು ತುಂಡು ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಇಮ್ಮಡಿ ಮಾಡಿ, ತುದಿಗಳ 2 ಸೆಂ.ಮೀ.ಯನ್ನು ಚೀಲದ ಹಿಂಬದಿಯ ಮೇಲಂಚಿಗೆ ಹೊಲಿಯಿರಿ. ಒಂದೇ ಗೆರೆ ಹೊಲಿಗೆ ಸಾಲದು. ಚೌಕ ಹೊಲಿದು ಮಧ್ಯೆ ಅಡ್ಡಡ್ಡ ಎರಡು ಗೆರೆ ಹಾಕಿ, ಏಕೆಂದರೆ ಇಡೀ ಭಾರ ಬೀಳುವುದು ಅಲ್ಲೇ. ಬೆಲ್ಟು ಈ ಕುಣಿಕೆಗಳೊಳಗೆ ಹಾಯಬೇಕು, ಚೀಲ ಪ್ಯಾಂಟಿನ ಪಟ್ಟಿಯ ಮೇಲಿಂದ ಒಳಕ್ಕೆ ಇಳಿಯಬೇಕು. ಬಾಯಿ ಮುಚ್ಚಲು ಚಪ್ಪಟೆ ಬಟನ್ ಸಾಕು. ವೆಲ್‌ಕ್ರೋ ಬೇಡ, ಅದರ ಮುಳ್ಳುಬದಿ ಮೈ ತರಚುತ್ತದೆ, ನೂಲಿನ ಜುಂಗು ತುಂಬಿಕೊಂಡು ಹಿಡಿತವನ್ನೂ ಕಳೆದುಕೊಳ್ಳುತ್ತದೆ.

ದಿನದ ಪರ್ಸು

ಹಿಂಜೇಬು ಬೇಡ. ಕಳ್ಳನ ಕೈಗೆ ಸಲೀಸು ಅನ್ನುವುದು ಒಂದು ಕಾರಣ. ದಪ್ಪ ಪರ್ಸಿನ ಮೇಲೆ ಗಂಟೆಗಟ್ಟಲೆ ಕೂತರೆ ಸೊಂಟ ಒಂದು ಕಡೆಗೆ ವಾಲಿ, ಪೃಷ್ಠದ ನರ ಒತ್ತಿ ಕಾಲು ಜೋಮು ಹಿಡಿಯುವುದು ಇನ್ನೊಂದು. ಮುಂಜೇಬಿನಲ್ಲಿ ಪರ್ಸು ಅಡ್ಡಲಾಗಿರಲಿ, ಅದಕ್ಕೆ ದಪ್ಪ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ. ಯಾರಾದರೂ ಎಳೆದರೆ ರಬ್ಬರು ಬಟ್ಟೆಯನ್ನು ಕಚ್ಚಿ ಜೇಬೇ ಎಳೆದಂತಾಗಿ ತೊಡೆಗೆ ತಿಳಿಯುತ್ತದೆ. ‘ಜೇಬುಗಳ್ಳರಿದ್ದಾರೆ’ ಎಂಬ ಫಲಕ ಕಂಡೊಡನೆ ಜೇಬು ಮುಟ್ಟಿ ನೋಡಿಕೊಳ್ಳುವ ಚಾಳಿ ಬಿಡಿ. ಪಕ್ಕದಲ್ಲಿ ನಿಂತು ನೋಡುವವನಿಗೆ ನೀವೇ ಜಾಗ ತೋರಿಸಿಕೊಟ್ಟಂತೆ.

ಹೆಗಲಚೀಲ ಅಡ್ಡಲಾಗಿ, ಎದುರಿಗೆ, ರಸ್ತೆಯ ಕಡೆಗಲ್ಲದೆ ಗೋಡೆಯ ಕಡೆಗಿರಲಿ. ಉಕ್ಕಿನ ತಂತಿ ಸೇರಿಸಿದ, ಕೊಯ್ದರೂ ತುಂಡಾಗದ ಪಟ್ಟಿಗಳು ಸಿಗುತ್ತವೆ. ಕುರ್ಚಿಗೆ ಸುತ್ತಿಡಲು ಒಳ್ಳೆಯದೇ. ಆದರೆ ಬೈಕಿನಲ್ಲಿ ಬಂದವನು ಕಿತ್ತುಕೊಂಡಾಗ ಪಟ್ಟಿ ತುಂಡಾಗದಿದ್ದರೆ ನೀವೂ ಅದರ ಹಿಂದೆ ಎಳೆದುಹೋಗುತ್ತೀರಿ. ಪಾಸ್‌ಪೋರ್ಟ್ ಒಳಪೌಚಿನಲ್ಲಿದ್ದರೆ ಆ ಚೀಲ ಬಿಟ್ಟುಕೊಡಲು ಮನಸ್ಸು ಹಿಂಜರಿಯುವುದಿಲ್ಲ.

ಆರ್‌ಎಫ್‌ಐಡಿ (ಚಿಪ್ಪನ್ನು ತಾಗದೆಯೇ ರೇಡಿಯೊ ಅಲೆಯಿಂದ ಓದುವ ತಂತ್ರ) ತಡೆಯುವ ಪೌಚಿಗೆ ಹೆಚ್ಚು ದುಡ್ಡು ಕೊಡಬೇಡಿ. ತಾಗಿಸಿ ಪಾವತಿಸುವ ಕಾರ್ಡುಗಳು 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಅವುಗಳ ವ್ಯಾಪ್ತಿ ಕೆಲವೇ ಸೆಂಟಿಮೀಟರು. ಇ-ಪಾಸ್‌ಪೋರ್ಟಿನ ಚಿಪ್ಪಿನಲ್ಲಿರುವ ವಿವರ ಓದಲು ಸಾಮಾನ್ಯವಾಗಿ ಒಳಪುಟದಲ್ಲಿ ಅಚ್ಚಾದ ಸಾಲುಗಳ ಮಾಹಿತಿ ಬೇಕು, ಮುಚ್ಚಿದ ಪುಸ್ತಕದಿಂದ ಅದು ಸಿಗುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಜಿಪ್ ಬರುತ್ತದೆ. ದೊಡ್ಡ ಸೂಟ್‌ಕೇಸಿನ ಜಿಪ್ಪಿನ ಮೇಲಂತೂ ಭರವಸೆ ಇಡಬೇಡಿ. ಸುರುಳಿ ಹಲ್ಲಿನ ಜಿಪ್ಪನ್ನು ಬಾಲ್‌ಪೆನ್ನಿನ ಮೊನೆ ಚುಚ್ಚಿ ಬಿಡಿಸಬಹುದು, ಬೀಗ ಹಾಕಿದ ಕೊಂಡಿಯನ್ನೇ ಹಿಂದೆಮುಂದೆ ಎಳೆದು ಮತ್ತೆ ಕೂಡಿಸಬಹುದು. ತೆರೆದ ಗುರುತೇ ಉಳಿಯುವುದಿಲ್ಲ.

ಫೋನಿನ ಕವರಿನೊಳಗೆ ಕಾರ್ಡು ಸಿಕ್ಕಿಸುವುದು ಸಲೀಸು ಅನ್ನಿಸುತ್ತದೆ, ಆದರೆ ಕಳೆದಾಗ ಎರಡೂ ಒಟ್ಟಿಗೇ ಹೋಗುತ್ತವೆ. ಕಾರ್ಡು ನಿಲ್ಲಿಸಲು ಫೋನು ಬೇಕು, ಬೇರೆ ಫೋನು ಕೊಳ್ಳಲು ಕಾರ್ಡು ಬೇಕು. ಎರಡನೆಯ ಕಾರ್ಡು ಬೇರೆ ಖಾತೆಯದಾಗಿರಲಿ, ಒಳಪೌಚಿನಲ್ಲಿರಲಿ. ಬ್ಯಾಂಕಿನ ತುರ್ತು ನಂಬರು ಮತ್ತು *#06# ಒತ್ತಿದಾಗ ಬರುವ ಫೋನಿನ ಐಎಂಇಐ ನಂಬರು (ಆ ಫೋನಿಗಷ್ಟೇ ಇರುವ ಗುರುತಿನ ಸಂಖ್ಯೆ) ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಪಾಸ್‌ಪೋರ್ಟಿನ ನಕಲು ಮಾತ್ರ ಪಾಸ್‌ಪೋರ್ಟಿನ ಜೊತೆ ಬೇಡ, ದೊಡ್ಡ ಚೀಲದಲ್ಲಿರಲಿ.

ಕಳೆದುಹೋಗುವ ಹೊತ್ತು

ಒಳಪೌಚಿಗೆ ಕಳ್ಳನಷ್ಟೇ ದೊಡ್ಡ ಅಪಾಯ ತೊಟ್ಟವರ ಮರೆವು. ಶೌಚಾಲಯದಲ್ಲಿ ಬಿಚ್ಚಿ ಕೊಕ್ಕೆಗೆ ತೂಗುಹಾಕುತ್ತಾರೆ, ಸ್ನಾನಕ್ಕೆ ಹೋಗುವಾಗ ದಿಂಬಿನಡಿ ಇಡುತ್ತಾರೆ, ಹಾಗೇ ಹೊರಟುಬಿಡುತ್ತಾರೆ. ಸೊಂಟದ ಪಟ್ಟಿಯನ್ನು ಬಿಚ್ಚದೆ ಮೇಲಕ್ಕೆ ಎದೆಯ ಕೆಳಗಿನವರೆಗೆ ಸರಿಸಿಕೊಳ್ಳುವುದು ರೂಢಿ ಮಾಡಿಕೊಳ್ಳಿ. ಬಿಚ್ಚಲೇಬೇಕಾದರೆ ಎಡಗಾಲಿನ ಬೂಟಿನೊಳಗಿಡಿ. ಬೂಟು ಬಿಟ್ಟು ಯಾರೂ ಹೊರಡುವುದಿಲ್ಲ.

ವಿಮಾನ ನಿಲ್ದಾಣದ ತಪಾಸಣೆಗೆ ಸಾಲು ಸೇರುವ ಮುಂಚೆಯೇ ಪೌಚು ಬಿಚ್ಚಿ ಕೈಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆಯಿರಿ. ಮೈಮೇಲಿದ್ದರೆ ಹೇಗೂ ತೆಗೆಸುತ್ತಾರೆ, ಟ್ರೇಯಲ್ಲಿ ಬಿಡಿಯಾಗಿ ಬಿದ್ದರೆ ಎಲ್ಲರ ಕಣ್ಣಿಗೆ ಬೀಳುತ್ತದೆ. ನಿಮ್ಮ ಮುಂದಿನವರು ದಾಟಿ ನಿಮ್ಮ ಸರದಿ ಬರುವ ತನಕ ಚೀಲವನ್ನು ಯಂತ್ರದೊಳಕ್ಕೆ ತಳ್ಳಬೇಡಿ. ವಿಮಾನದಲ್ಲಿ ಮೇಲಿನ ಗೂಡು ತುಂಬಿ ಕೈಚೀಲವನ್ನು ಕೆಳಗಿನ ಸರಕಿಗೆ ಕಳಿಸುವುದುಂಟು. ಪೌಚು, ಔಷಧಿ, ಪವರ್ ಬ್ಯಾಂಕ್ ಮೂರೂ ಒಂದೇ ಸಣ್ಣ ಚೀಲದಲ್ಲಿದ್ದರೆ ಅರ್ಧ ನಿಮಿಷದಲ್ಲಿ ಹೊರತೆಗೆಯಬಹುದು. ಪವರ್ ಬ್ಯಾಂಕನ್ನಂತೂ ಸರಕಿನ ಜೊತೆ ಕಳಿಸುವಂತಿಲ್ಲ.

ರಾತ್ರಿ ಪ್ರಯಾಣದಲ್ಲಿ ಪೌಚು ಮೈಯಡಿ ಬರುವ ಮಗ್ಗುಲಿಗೆ ಸರಿಸಿಕೊಂಡು ಮಲಗಿ, ದೊಡ್ಡ ಚೀಲದ ಪಟ್ಟಿಯೊಳಗೆ ಒಂದು ಕಾಲು ತೂರಿಸಿ. ಹೋಟೆಲಿನ ತಿಜೋರಿ ಗೋಡೆಗೋ ನೆಲಕ್ಕೋ ಬೋಲ್ಟಾಗಿದೆಯೇ ಅಂತ ಅಲುಗಾಡಿಸಿ ನೋಡಿ. ಅಲುಗಿದರೆ ಅದು ಕೊಂಡೊಯ್ಯಲು ಅನುಕೂಲವಾದ ಪೆಟ್ಟಿಗೆ, ಅಷ್ಟೇ.

ಹೊರಡುವ ಒಂದು ವಾರ ಮೊದಲು, ಪ್ರವಾಸದಲ್ಲಿ ತೊಡುವ ಬಟ್ಟೆಯಲ್ಲೇ, ತುಂಬಿದ ಪೌಚು ಕಟ್ಟಿಕೊಂಡು ಮನೆಯಲ್ಲಿ ಮೂರು ಗಂಟೆ ಓಡಾಡಿ. ಮೆಟ್ಟಿಲು ಹತ್ತಿ, ಕುಕ್ಕರಗಾಲಲ್ಲಿ ಕೂತೇಳಿ, ಬೂಟಿನ ಲೇಸು ಕಟ್ಟಿ, ಒಂದು ಗಂಟೆ ಗಟ್ಟಿ ಕುರ್ಚಿಯಲ್ಲಿ ಕೂರಿ. ಕೈ ಎಷ್ಟು ಸಲ ಅಲ್ಲಿಗೆ ಹೋಯಿತು ಅಂತ ಲೆಕ್ಕವಿಡಿ. ಐದಾರು ಸಲಕ್ಕಿಂತ ಹೆಚ್ಚಾದರೆ ಜಾಗವನ್ನೋ ಬಿಗಿತವನ್ನೋ ಬದಲಿಸಬೇಕು. ಮೂರನೆಯ ದಿನ ಬೇಸತ್ತು ಬಿಚ್ಚಿ ಬೆನ್ನಚೀಲಕ್ಕೆ ಹಾಕುವುದು ಇಂಥ ಪೌಚನ್ನೇ.

ನಾಲ್ಕೈದು ದಿನಕ್ಕೊಮ್ಮೆ ಸೋಪುನೀರಿನಲ್ಲಿ ಕೈಯಲ್ಲೇ ಹಿಂಡಿ ನೆರಳಲ್ಲಿ ಒಣಗಿಸಿ. ಬಿಸಿನೀರು, ಇಸ್ತ್ರಿ ಎರಡೂ ಎಲಾಸ್ಟಿಕ್ಕಿಗೆ ಆಗುವುದಿಲ್ಲ. ಎಳೆದು ಬಿಟ್ಟಾಗ ಮೊದಲಿನ ಉದ್ದಕ್ಕೆ ಮರಳದಿದ್ದರೆ ಪಟ್ಟಿಯನ್ನಷ್ಟೇ ಬಿಚ್ಚಿ ಹೊಸದು ಹಾಕಿದರೆ ಸಾಕು, ಪೌಚು ಇನ್ನೂ ಬಾಳುತ್ತದೆ.