ಹೆಸರು ಬದಲಾಯಿಸಬೇಕಾ? ನೋಟರಿ ಹತ್ತಿರ ಹೋಗೋ ಮುಂಚೆ ಇದನ್ನ ಓದಿ

ಹೊಸ ಹೆಸರನ್ನು ಮೊದಲು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಪೂರ್ತಿ ಬರೆಯಿರಿ. ಮಿಕ್ಕಿದ್ದೆಲ್ಲ ಆಮೇಲೆ.

ನಮ್ಮಲ್ಲಿ ಬಹಳ ಜನಕ್ಕೆ ಸರ್‌ನೇಮ್ ಇಲ್ಲ, ಇರೋದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಎನ್.’ ಅಂತ ಇರುತ್ತೆ, ಆಧಾರ್‌ನಲ್ಲಿ ಬರೀ ‘ಮಂಜುನಾಥ್’, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿಸಿ ‘ಹೊಸಹಳ್ಳಿ ನಂಜಪ್ಪ ಮಂಜುನಾಥ’. ಇಂಗ್ಲಿಷ್‌ನಲ್ಲಿ ಕೊನೆಗೊಂದು ‘ಎ’ ಒಂದು ಕಡೆ ಇರುತ್ತೆ, ಇನ್ನೊಂದು ಕಡೆ ಇರಲ್ಲ. ಹಾಗಾಗಿ ಇನಿಷಿಯಲ್ ಬಿಡಿಸಬೇಕಾ, ಮುಂದೆ ಬರಬೇಕಾ ಹಿಂದೆ ಬರಬೇಕಾ, ಸರ್‌ನೇಮ್ ಜಾಗದಲ್ಲಿ ಯಾವುದು, ಎಲ್ಲ ಈಗಲೇ ತೀರ್ಮಾನ ಆಗಲಿ. ಆ ಜಾಗ ಖಾಲಿ ಬಿಡೋದೂ ಒಳ್ಳೆಯದಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾ ಕೊಡಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು.

ಇನ್ನು ಅಫಿಡವಿಟ್, ಅಂದರೆ ನೋಟರಿ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿ ಕೊಡುವ ಹೇಳಿಕೆ. ಇ-ಸ್ಟಾಂಪ್ ಪೇಪರ್ ತಗೊಳ್ಳಿ. ಕರ್ನಾಟಕದಲ್ಲಿ ಅಫಿಡವಿಟ್‌ನ ಸ್ಟಾಂಪ್ ಶುಲ್ಕ 2024ರಲ್ಲಿ 20 ರೂಪಾಯಿಯಿಂದ 100ಕ್ಕೆ ಏರಿದೆ. ಅದರಲ್ಲಿ ಹಳೆ ಹೆಸರು, ಹೊಸ ಹೆಸರು, ತಂದೆ ಅಥವಾ ಗಂಡ/ಹೆಂಡತಿ ಹೆಸರು, ವಿಳಾಸ, ಬದಲಾವಣೆಗೆ ಕಾರಣ ಇರಬೇಕು. ಜೊತೆಗೆ ಎರಡೂ ಹೆಸರು ಒಬ್ಬ ವ್ಯಕ್ತಿಯದ್ದೇ ಅನ್ನೋ ಸಾಲು ಖಂಡಿತ ಇರಲಿ, ಮುಂದೆ ಹತ್ತು ಕಡೆ ಕೆಲಸಕ್ಕೆ ಬರೋದು ಆ ಸಾಲೇ. ಬೆಂಗಳೂರಿನ ಕೆ.ಜಿ. ರಸ್ತೆಯ ಕೋರ್ಟ್ ಸುತ್ತಮುತ್ತ ಟೈಪಿಂಗ್ ಮಾಡಿಕೊಡುವವರು ಹಳೆ ಫೈಲ್‌ನಲ್ಲೇ ಹೆಸರು ತಿದ್ದಿ ಪ್ರಿಂಟ್ ಕೊಡುವುದುಂಟು, ಬೇರೆಯವರ ವಿಳಾಸ ಹಾಗೇ ಉಳಿದುಬಿಡುತ್ತೆ. ಸಹಿ ಹಾಕೋ ಮುಂಚೆ ಒಂದೊಂದು ಅಕ್ಷರವನ್ನೂ ಓದಿ.

ಆಮೇಲೆ ಪತ್ರಿಕೆಯಲ್ಲಿ ಜಾಹೀರಾತು. ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆ, ಎರಡೂ ಬೆಂಗಳೂರು ಆವೃತ್ತಿ. ಮೂರ್ನಾಲ್ಕು ಸಾಲಿನ ಕ್ಲಾಸಿಫೈಡ್ ಸಾಕು: ‘ಇಂಥ ವಿಳಾಸದ ಮಂಜುನಾಥ ಎಚ್.ಎನ್. ಆದ ನಾನು, ಇಂಥ ದಿನಾಂಕದ ಅಫಿಡವಿಟ್ ಪ್ರಕಾರ ಇನ್ನು ಮುಂದೆ ನಂಜಪ್ಪ ಮಂಜುನಾಥ ಎಂದು ಕರೆಯಲ್ಪಡುತ್ತೇನೆ.’ ಆ ದಿನದ ಪತ್ರಿಕೆ ಪೂರ್ತಿಯಾಗಿ ನಾಲ್ಕೈದು ಪ್ರತಿ ಎತ್ತಿಡಿ. ಕತ್ತರಿಸಬೇಡಿ.

ಗೆಜೆಟ್‌ನಲ್ಲಿ, ಅಂದರೆ ಸರ್ಕಾರದ ಅಧಿಕೃತ ರಾಜ್ಯಪತ್ರದಲ್ಲಿ, ಪ್ರಕಟಣೆ ಬೇಕಾ? ಬರೀ ಸ್ಪೆಲಿಂಗ್ ತಿದ್ದುಪಡಿ ಆದರೆ ಸಾಮಾನ್ಯವಾಗಿ ಬೇಡ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಳ್ಳೋರಿಗೆ ವಿವಾಹ ನೋಂದಣಿ ಪ್ರಮಾಣಪತ್ರವೇ ಆಧಾರ್, ಪ್ಯಾನ್, ಪಾಸ್‌ಪೋರ್ಟ್‌ಗೆಲ್ಲ ಸಾಕು. ಸೇರಿಸಿಕೊಳ್ಳಲೇಬೇಕು ಅಂತ ಯಾವ ಕಾನೂನೂ ಇಲ್ಲ, ಮನೆಯಲ್ಲಿ ಯಾರಾದರೂ ಒತ್ತಾಯ ಮಾಡಿದರೆ ಇದನ್ನ ಹೇಳಿ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಕೊಡುವ ಪ್ರಮಾಣಪತ್ರವೇ ದಾಖಲೆ. ಅದಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಹೆಸರೇ ಪೂರ್ತಿ ಬದಲಾಗೋದಾದರೆ ಮಾತ್ರ ಗೆಜೆಟ್ ಮಾಡಿಸಿಕೊಳ್ಳಿ, ಉದಾಸೀನ ಮಾಡಬೇಡಿ. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಾಶನ ಇಲಾಖೆಗೆ ಅಫಿಡವಿಟ್, ಪತ್ರಿಕೆಯ ಮೂಲ ಪ್ರತಿ, ಇಬ್ಬರು ಸಾಕ್ಷಿಗಳ ಸಹಿ ಇರುವ ನಮೂನೆ, ಅದರ ಸಾಫ್ಟ್ ಕಾಪಿ, ಫೋಟೋ, ಗುರುತಿನ ಚೀಟಿ, ಶುಲ್ಕ ಎಲ್ಲ ಹೋಗಬೇಕು. ನಮೂನೆಗೂ ಸಾಫ್ಟ್ ಕಾಪಿಗೂ ಒಂದು ಚುಕ್ಕೆಯ ವ್ಯತ್ಯಾಸವೂ ಇರಬಾರದು. ಹೆಸರು ಬದಲಾವಣೆ ಗೆಜೆಟ್‌ನ 4ನೇ ಭಾಗದಲ್ಲಿ ಬರುತ್ತೆ. ಇ-ಗೆಜೆಟ್ ವೆಬ್‌ಸೈಟ್‌ನಿಂದ ಡೌನ್‌ಲೋಡ್ ಮಾಡಿಕೊಂಡು ಎರಡು ಮೂರು ಕಡೆ ಸೇವ್ ಮಾಡಿಡಿ.

ಈಗ ದಾಖಲೆಗಳ ಸರದಿ. ಮೊದಲು ಆಧಾರ್. ಇಲ್ಲಿ ಹುಷಾರು: ಆಧಾರ್‌ನಲ್ಲಿ ಹೆಸರು ಬದಲಾಯಿಸೋಕೆ ಜೀವಮಾನದಲ್ಲಿ ಸಿಗೋದು ಎರಡೇ ಅವಕಾಶ. ಸ್ಪೆಲಿಂಗ್ ಮೊದಲೇ ತೀರ್ಮಾನ ಮಾಡಿ ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಸ್ವೀಕೃತಿ ಚೀಟಿಯಲ್ಲಿ ಕನ್ನಡದ ಹೆಸರನ್ನೂ ನೋಡಿ, ಇಂಗ್ಲಿಷ್‌ನಿಂದ ತಾನಾಗೇ ಬದಲಾಗಿ ಬರುವಾಗ ಒತ್ತು, ದೀರ್ಘ ತಪ್ಪಿಹೋಗುತ್ತೆ. ಅಲ್ಲಿರುವ ಆಪರೇಟರ್ ಅವಸರ ಮಾಡಿದರೂ ತಿದ್ದಿಸಿಯೇ ಬನ್ನಿ.

ಆಧಾರ್ ಆದ ಮೇಲೆ ಪ್ಯಾನ್, ಯಾಕೆಂದರೆ ಇವೆರಡೂ ತಾಳೆಯಾಗದಿದ್ದರೆ ಲಿಂಕ್ ಆಗಲ್ಲ. ಆಮೇಲೆ ಬ್ಯಾಂಕ್, ಪಿಎಫ್. ವೋಟರ್ ಐಡಿಗೆ ಫಾರಂ 8. ಪಾಸ್‌ಪೋರ್ಟ್‌ನಲ್ಲಿ ತಿದ್ದೋದು ಅಂತ ಇಲ್ಲ, ರೀ-ಇಶ್ಯೂಗೆ ಅರ್ಜಿ ಹಾಕಿ ಲಾಲ್‌ಬಾಗ್ ರಸ್ತೆ ಅಥವಾ ಮಾರತ್ತಹಳ್ಳಿ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ತಗೊಳ್ಳಿ. ಎತ್ತಿಟ್ಟ ಪತ್ರಿಕೆಗಳು ಅಲ್ಲಿ ಬೇಕಾಗುತ್ತವೆ.

ಅಂಕಪಟ್ಟಿ ಕಷ್ಟದ ವಿಷಯ. ಶಾಲೆಯ ದಾಖಲೆಯಲ್ಲಿ ಸರಿ ಇದ್ದು ಅಂಕಪಟ್ಟಿಯಲ್ಲಿ ತಪ್ಪಾಗಿದ್ದರೆ ಅದು ತಿದ್ದುಪಡಿ, ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗುತ್ತೆ. ಹೆಸರನ್ನೇ ಬದಲಾಯಿಸೋದು ಬೇರೆ. ಸಿಬಿಎಸ್ಇಗೆ ಸಂಬಂಧಿಸಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಹೆಸರು ವ್ಯಕ್ತಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಅರ್ಜಿಯನ್ನ ಸುಮ್ನೆ ತಳ್ಳಿಹಾಕಿದರೆ ವಕೀಲರ ಹತ್ತಿರ ಈ ತೀರ್ಪಿನ ಬಗ್ಗೆ ಕೇಳಿ. ಬಹಳ ಜನ ಹಳೆ ಅಂಕಪಟ್ಟಿಯನ್ನ ಹಾಗೇ ಬಿಟ್ಟು ಗೆಜೆಟ್ ಪ್ರತಿ ಜೊತೆಗಿಟ್ಟು ಕೆಲಸ ಸಾಗಿಸುತ್ತಾರೆ, ಅದೂ ಸರಿಯಾದ ದಾರಿಯೇ.

ಸೈಟೋ ಫ್ಲ್ಯಾಟೋ ಇರೋರು ಕ್ರಯಪತ್ರ ಮರೆಯಬೇಡಿ. ಅದರಲ್ಲಿ ಹಳೆ ಹೆಸರೇ ಇರುತ್ತೆ, ಇ-ಖಾತಾ ಮಾಡಿಸುವಾಗ ಅದನ್ನ ಹೊಸ ಆಧಾರ್ ಜೊತೆ ತಾಳೆ ನೋಡುತ್ತಾರೆ. ಅಫಿಡವಿಟ್, ಗೆಜೆಟ್ ಪ್ರತಿಗಳನ್ನ ಆಸ್ತಿ ಪತ್ರದ ಫೈಲ್‌ನಲ್ಲೂ ಒಂದು ಸೆಟ್ ಹಾಕಿಡಿ, ಅದು ಎಲ್ಲಿದೆ ಅಂತ ಮನೆಯವರಿಗೂ ತೋರಿಸಿ.