ಶಾಲೆಯಲ್ಲಿ ಮಗುವನ್ನು ಪೀಡಿಸುತ್ತಿದ್ದರೆ ಮನೆಯವರು ಏನು ಮಾಡಬೇಕು?

ಬಾಗಲಕೋಟೆ ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಮಗು ಅಳುತ್ತಾ ಬಂದರೆ ನಮ್ಮ ಮನೆಗಳಲ್ಲಿ ಹೊರಡುವ ಮಾತು ಎರಡೇ: ‘ನೀನೂ ಎರಡು ಬಾರಿಸಬೇಕಿತ್ತು’, ಇಲ್ಲವೇ ‘ನೀನೇನು ಮಾಡಿದ್ದೆ?’ ದಯವಿಟ್ಟು ಎರಡನ್ನೂ ಆಡಬೇಡಿ. ಆಡಿದರೆ ಮಗು ಮರುದಿನದಿಂದ ಹೇಳುವುದನ್ನೇ ಬಿಡುತ್ತದೆ.

ಎಷ್ಟೋ ಮಕ್ಕಳು ಬಾಯಿ ಬಿಡುವುದೇ ಇಲ್ಲ. ಮನೆಗೆ ಬಂದೊಡನೆ ಪಾಟಿಚೀಲ ಎಸೆದು ಶೌಚಾಲಯಕ್ಕೆ ಓಡುತ್ತದೆಯೇ? ನೀರಿನ ಬಾಟಲಿ ಬೆಳಿಗ್ಗೆ ತುಂಬಿದಷ್ಟೇ ಇದೆಯೇ? ಶಾಲೆಯ ಶೌಚಾಲಯದ ಬಳಿ ಯಾರೋ ಕಾಯುತ್ತಾರೆಂಬ ಭಯಕ್ಕೆ ದಿನವಿಡೀ ನೀರು ಮುಟ್ಟದ ಹುಡುಗಿಯರನ್ನು ನಾನು ಕಂಡಿದ್ದೇನೆ.

ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿರಲಿ. ‘ಬಸ್ಸಿನಲ್ಲಿ ಯಾರ ಪಕ್ಕ ಕುಳಿತೆ? ಊಟದ ಬಿಡುವಿನಲ್ಲಿ ಎಲ್ಲಿದ್ದೆ?’ ಎಂದು ಕೇಳಿ. ಪೀಡಿಸುವವರು ಮೇಷ್ಟರ ಕಣ್ಣು ಬೀಳದ ಜಾಗವನ್ನೇ ಆರಿಸಿಕೊಳ್ಳುತ್ತಾರೆ. ಆ ಜಾಗ, ಆ ಹೊತ್ತು ತಿಳಿದರೆ ಅರ್ಧ ಕೆಲಸವಾಯಿತು. ದಿನಾಂಕ, ಸ್ಥಳ, ಆಡಿದ ಮಾತು, ನೋಡುತ್ತಿದ್ದವರು, ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊಬೈಲ್ ಸಂದೇಶಗಳನ್ನು ಅಳಿಸಬೇಡಿ.

ಪೀಡಿಸಿದ ಹುಡುಗನ ಮನೆ ಬಾಗಿಲಿಗೆ ಹೋಗಬೇಡಿ. ಅದು ಓಣಿಯ ಜಗಳವಾಗಿ, ಮರುದಿನ ಪೆಟ್ಟು ತಿನ್ನುವುದು ನಿಮ್ಮ ಮಗುವೇ. ತರಗತಿ ಶಿಕ್ಷಕರನ್ನು ಕಾಣಿ, ಕಾಣುವುದಾಗಿ ಮಗುವಿಗೆ ಮೊದಲೇ ತಿಳಿಸಿ. ‘ಸ್ವಲ್ಪ ನೋಡಿಕೊಳ್ಳಿ ಸರ್’ ಎಂದಷ್ಟೇ ಹೇಳಿ ಬಂದರೆ ಏನೂ ಆಗದು. ಊಟದ ಬಿಡುವಿನಲ್ಲಿ ಆ ಜಾಗದಲ್ಲಿ ಯಾರು ನಿಲ್ಲುತ್ತಾರೆ, ನಾನು ಮತ್ತೆ ಯಾವಾಗ ಬರಲಿ ಎಂದು ಕೇಳಿ.

ತಂದೆತಾಯಿ ಗೋವಾಕ್ಕೆ ದುಡಿಯಲು ಹೋಗಿ, ವರ್ಷದ ನಡುವೆ ಮರಳಿದ ಹುಡುಗನೊಬ್ಬ ನಮ್ಮಲ್ಲಿದ್ದ. ಕನ್ನಡ ಓದುವಾಗ ತಡವರಿಸುತ್ತಿದ್ದ. ‘ಏ ಗೋವಾ’ ಎಂದೇ ಕರೆಯುತ್ತಿದ್ದರು. ಗದರಿದರೆ ನಮ್ಮ ಮುಂದೆ ಮಾತ್ರ ಸುಮ್ಮನಾಗುತ್ತಿದ್ದರು. ನಗುವವರ ಗುಂಪಿನಲ್ಲೇ ಇದ್ದು ನಗದೆ ನಿಲ್ಲುತ್ತಿದ್ದ ಒಬ್ಬನನ್ನು ಗುರುತಿಸಿ ಅವನ ಪಕ್ಕ ಕೂರಿಸಿದೆವು, ಬಸ್ ನಿಲ್ದಾಣದವರೆಗೂ ಜೊತೆ ಮಾಡಿದೆವು. ಆಮೇಲೆ ಆ ಹೆಸರು ತಾನಾಗಿ ಸವೆಯಿತು. ಅಂಥ ಒಬ್ಬ ಗೆಳೆಯನನ್ನು ಹುಡುಕಿಕೊಡಲು ಶಿಕ್ಷಕರನ್ನು ಒತ್ತಾಯಿಸಿ.

ಶಿಕ್ಷಕರೇ ಹಂಗಿಸುತ್ತಿದ್ದರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮುಖ್ಯೋಪಾಧ್ಯಾಯರಿಗೆ, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ, ಅಲ್ಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿಯೂ ಉಚಿತ. ಮಗುವೇ ಕರೆ ಮಾಡಬಹುದು. ಮೈ ಮುಟ್ಟಿದ, ಅಶ್ಲೀಲ ಫೋಟೊ ತೆಗೆದ ಸಂಗತಿಯಾದರೆ ಶಾಲೆಯೊಳಗಿನ ರಾಜಿ ಪಂಚಾಯಿತಿಗೆ ಒಪ್ಪಲೇಬೇಡಿ. ಅದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಗೆ ಸೇರಿದ್ದು, ಅಂದೇ ಪೊಲೀಸರಿಗೆ ತಿಳಿಸಿ.