ಕಥೆ ಬರೆದಾಯಿತು, ಓದುವವರು ಬೇಕು: ಬರಹಗಾರರ ಆನ್‌ಲೈನ್ ಬಳಗ ಸೇರುವುದು ಹೇಗೆ?

ಮೊದಲ ಕಥೆ ಬರೆದು ಮುಗಿಸಿದವರಿಗೆ ಎದುರಾಗುವ ತೊಡಕು, ಅದನ್ನು ಯಾರಿಗೆ ತೋರಿಸುವುದು ಎಂಬುದು. ಮನೆಯವರು ‘ಚೆನ್ನಾಗಿದೆ’ ಅನ್ನುತ್ತಾರೆ. ಪತ್ರಿಕೆಗೆ ಕಳಿಸಿದರೆ ತಿಂಗಳುಗಟ್ಟಲೆ ಸುದ್ದಿ ಇರುವುದಿಲ್ಲ. ಕಥೆ ಯಾಕೆ ಬೇಡವಾಯಿತು ಎಂದು ಪ್ರತಿಯೊಬ್ಬರಿಗೂ ಬರೆಯುವಷ್ಟು ಬಿಡುವು ಸಂಪಾದಕರಿಗೆ ಎಲ್ಲಿಂದ ಬರಬೇಕು? ಈ ಎರಡರ ನಡುವೆ, ಕರಡನ್ನು ಕರಡೆಂದೇ ತಿಳಿದು ಓದುವ ನಾಲ್ಕಾರು ಜನ ಬೇಕು.

ಕನ್ನಡಕ್ಕೆ ಇದು ಹೊಸದೇನಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕೂಡಿತು, ಶಂ.ಬಾ. ಜೋಶಿ, ವಿ.ಕೃ. ಗೋಕಾಕರಂಥವರು ಅದರಲ್ಲಿದ್ದರು. ಮುಂದೆ ಅದೇ ಊರಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ‘ಅಟ್ಟ’ ಲೇಖಕರು ಕೂತು ಮಾತಾಡುವ ಜಾಗವಾಯಿತು. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಅಚ್ಚಾಗಿದ್ದು ಈ ಗ್ರಂಥಮಾಲೆಯಿಂದಲೇ. ಆದರೆ ಅಟ್ಟ ಹತ್ತಬೇಕೆಂದರೆ ಧಾರವಾಡಕ್ಕೆ ಹೋಗಬೇಕಿತ್ತು. ಈಗ ಸಿರುಗುಪ್ಪದ ಶಿಕ್ಷಕಿ, ದುಬೈಯ ಅಕೌಂಟೆಂಟ್, ಶಿರಸಿಯ ಅಡಿಕೆ ಬೆಳೆಗಾರ ಒಂದೇ ಕರಡನ್ನು ಮುಂದಿಟ್ಟುಕೊಂಡು ಮಾತಾಡಬಹುದು. ಹೊಸ ಕಥೆಗಾರರಿಗೆ ನಮ್ಮ ಕಾಲ ಕೊಟ್ಟ ದೊಡ್ಡ ಅನುಕೂಲ ಇದು ಎಂದು ನಾನು ನಂಬುತ್ತೇನೆ. ಅದನ್ನು ಬಳಸಿಕೊಳ್ಳುವ ಬಗೆ ಹೀಗಿದೆ.

ಬೇಕಾದ್ದು ಯಾವುದು ಎಂದು ಮೊದಲು ತಿಳಿಯಿರಿ

ಬರಹಗಾರರ ಬಳಗ ಎಂದು ಕರೆಸಿಕೊಳ್ಳುವುದರಲ್ಲಿ ಮೂರು ಬಗೆಯಿದೆ. ಸಾವಿರ ಸದಸ್ಯರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪುಸ್ತಕ ಬಿಡುಗಡೆ, ಕಥಾಸ್ಪರ್ಧೆಯ ಕೊನೆಯ ದಿನಾಂಕಗಳು ಸಿಗುತ್ತವೆ. ವಾಟ್ಸ್ಆ್ಯಪ್‌ ಒಂದು ಗ್ರೂಪಿಗೆ 1024 ಜನರ ಮಿತಿ ಇಟ್ಟಿದೆ, ಅಂಥ ಕಡೆ ನಿಮ್ಮ ಕಥೆ ಶುಭೋದಯಗಳ ಕೆಳಗೆ ಕಾಣೆಯಾಗುತ್ತದೆ. ಎರಡನೆಯದು, 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್. ಅಲ್ಲಿ ಓದುಗರು ಸಿಗುತ್ತಾರೆ, ಧಾರಾವಾಹಿಯ ಮುಂದಿನ ಕಂತಿಗೆ ಕಾಯುವವರೂ ಸಿಗುತ್ತಾರೆ. ಆದರೆ ಅವರು ಓದುವುದು ಮುಗಿದ ಬರಹವನ್ನು. ಕರಡು ತಿದ್ದಲು ನೆರವಾಗುವುದು ಮೂರನೆಯದು: ಆರರಿಂದ ಹತ್ತು ಜನರ ಪುಟ್ಟ ಓದುಕೂಟ. ಮುಂದೆ ಹೇಳುವುದೆಲ್ಲ ಬಹುಮಟ್ಟಿಗೆ ಅದರ ಬಗ್ಗೆಯೇ.

ಹುಡುಕುವುದು ಎಲ್ಲಿ?

ಪುಟ್ಟ ಕೂಟಗಳು ಜಾಹೀರಾತು ಕೊಡುವುದಿಲ್ಲ, ಮನುಷ್ಯರ ಮೂಲಕವೇ ಸಿಗುತ್ತವೆ. ಕಥಾ ಕಮ್ಮಟಗಳಿಗೆ, ಹೆಗ್ಗೋಡಿನ ನೀನಾಸಂ ಶಿಬಿರದಂಥ ಕಡೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಜೊತೆಗೆ ಉಂಡು, ಮಾತಾಡಿದವರೇ ಆಮೇಲೆ ಆನ್‌ಲೈನಿನಲ್ಲಿ ಓದುಕೂಟವಾಗುವುದುಂಟು. ಅಮೆರಿಕದಲ್ಲಿರುವವರು ಕನ್ನಡ ಸಾಹಿತ್ಯ ರಂಗದ ಸಾಹಿತ್ಯೋತ್ಸವವನ್ನು ಗಮನಿಸಲಿ. ಬೇರೆ ದೇಶಗಳಲ್ಲಿ ಊರಿನ ಕನ್ನಡ ಕೂಟದಲ್ಲಿ ಬರೆಯುವವರು ಯಾರಿದ್ದಾರೆ ಎಂದು ವಿಚಾರಿಸಬಹುದು. ಫೇಸ್‌ಬುಕ್ಕಿನಲ್ಲಿ ಬೇರೆಯವರ ಕಥೆಗೆ ‘ಸೂಪರ್ ಸರ್’ ಎನ್ನದೆ ನಾಲ್ಕು ಸಾಲು ಯೋಚಿಸಿ ಬರೆದವರು ಕಂಡರೆ ಅವರಿಗೆ ಸಂದೇಶ ಕಳಿಸಿ. ನಾಚಿಕೆ ಬೇಡ. ಒಳ್ಳೆಯ ಓದುಗರೂ ಇನ್ನೊಬ್ಬ ಒಳ್ಳೆಯ ಓದುಗರನ್ನು ಹುಡುಕುತ್ತಿರುತ್ತಾರೆ.

ಸೇರುವ ಮುನ್ನ ಅಡ್ಮಿನ್ ಅವರನ್ನು ಮೂರು ವಿಷಯ ಕೇಳಿ: ಎಷ್ಟು ದಿನಕ್ಕೊಮ್ಮೆ ಓದು ನಡೆಯುತ್ತದೆ, ಒಬ್ಬರ ಸರದಿ ಯಾವಾಗ ಬರುತ್ತದೆ, ಕರಡು ಕೂಟದಾಚೆಗೆ ಹೋಗದಂತೆ ಏನು ಕಟ್ಟಳೆ ಇದೆ. ಸ್ಪಷ್ಟ ಉತ್ತರ ಸಿಗದಿದ್ದರೆ ಸ್ವಲ್ಪ ಕಾಯುವುದು ಮೇಲು.

ಫೋನ್ ನಂಬರಿನ ವಿಷಯವೂ ಇದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನಿಮ್ಮ ನಂಬರು ಉಳಿದ ಸದಸ್ಯರಿಗೆ ಕಾಣಿಸುತ್ತದೆ. ಕವಿತೆ ಹಾಕಿದ ರಾತ್ರಿಯೇ ಅಪರಿಚಿತರಿಂದ ಕರೆ ಬಂತು ಎಂದು ಬರೆಯುವುದನ್ನೇ ಬಿಟ್ಟ ಹೆಣ್ಣುಮಕ್ಕಳಿದ್ದಾರೆ; ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ‘ಗ್ರೂಪ್ಸ್’ ತೆರೆದು, ನಿಮ್ಮನ್ನು ಗ್ರೂಪಿಗೆ ಸೇರಿಸುವ ಅವಕಾಶ ನಿಮ್ಮ ಸಂಪರ್ಕದಲ್ಲಿರುವವರಿಗೆ ಮಾತ್ರ ಇರುವಂತೆ ಮಾಡಿ. ಟೆಲಿಗ್ರಾಂನಲ್ಲಾದರೆ ನಂಬರು ಮರೆಮಾಡಿ ಬರೀ ಹೆಸರಿನಿಂದ ಇರಬಹುದು.

ಮೊದಲು ಓದಿ

ಸೇರಿದ ದಿನವೇ ಕಥೆ ಹಾಕಬೇಡಿ. ಮೂರು ನಾಲ್ಕು ಕರಡುಗಳನ್ನಾದರೂ ಓದಿ, ಅಭಿಪ್ರಾಯ ಬರೆಯಿರಿ. ಇದು ಬರೀ ಸೌಜನ್ಯವಲ್ಲ. ಬೇರೆಯವರ ಕಥೆ ಎಲ್ಲಿ ಕುಂಟುತ್ತದೆ ಎಂದು ಗುರುತಿಸುವ ಕಣ್ಣೇ ಮುಂದೆ ನಿಮ್ಮ ಕಥೆಯನ್ನು ತಿದ್ದುತ್ತದೆ, ಮತ್ತು ಕೂಟದಿಂದ ಸಿಗುವ ನಿಜವಾದ ಲಾಭ ಅದೇ ಎನ್ನುವುದು ನನ್ನ ಅನಿಸಿಕೆ. ನಿಮ್ಮ ಕಥೆಯ ಬಗ್ಗೆ ಹತ್ತು ಜನ ಹೇಳಿದ್ದಕ್ಕಿಂತ, ಹತ್ತು ಜನರ ಕಥೆಗಳ ಬಗ್ಗೆ ನೀವು ಹೇಳಿದ್ದರಿಂದ ಹೆಚ್ಚು ಕಲಿಯುತ್ತೀರಿ.

ಅಭಿಪ್ರಾಯ ಬರೆಯುವುದಕ್ಕೂ ಒಂದು ಕ್ರಮವಿದೆ. ಕಥೆಯನ್ನು ಎರಡು ಸಲ ಓದಿ. ಮೊದಲ ಸಲ ಪೆನ್ನು ಮುಟ್ಟಬೇಡಿ. ಆಮೇಲೆ, ಈ ಕಥೆ ಯಾವುದರ ಬಗ್ಗೆ ಎಂದು ನಿಮಗೆ ಅನಿಸಿದ್ದನ್ನು ಎರಡು ವಾಕ್ಯದಲ್ಲಿ ಹೇಳಿ. ಬರೆದವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಇದೇ. ಅವರು ಅಣ್ಣ-ತಮ್ಮಂದಿರ ಜಗಳದ ಕಥೆ ಬರೆದೆ ಅಂದುಕೊಂಡಿರುತ್ತಾರೆ, ನೀವು ಅದನ್ನು ಅತ್ತಿಗೆಯ ಒಂಟಿತನದ ಕಥೆಯಾಗಿ ಓದಿರುತ್ತೀರಿ. ಅದು ತಿಳಿದರೆ ಮುಂದಿನ ದಾರಿ ಅವರಿಗೇ ಕಾಣುತ್ತದೆ. ಆನಂತರ ಎಲ್ಲಿ ಮೈಮರೆತಿರಿ, ಎಲ್ಲಿ ಪುಟ ಸರಿಸಬೇಕೆನಿಸಿತು ಎಂದು ಜಾಗ ತೋರಿಸಿ ಹೇಳಿ. ‘ನಡುವೆ ಸ್ವಲ್ಪ ಎಳೆದಂತಿದೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಅಜ್ಜ ಬಸ್ಸಿಗೆ ಕಾಯುವ ಭಾಗ ಒಂದೂವರೆ ಪುಟವಿದೆ, ಆದರೆ ಆಸ್ಪತ್ರೆ ತಲುಪಿದ ಮೇಲಿನದು ಮೂರೇ ಸಾಲು, ನನಗೆ ತಿಳಿಯಬೇಕೆನಿಸಿದ್ದು ಆಸ್ಪತ್ರೆಯ ಸಂಗತಿ’ ಎಂದು ಬರೆದರೆ ಕೆಲಸ ಶುರುಮಾಡಬಹುದು.

ಎಚ್ಚರ ಬೇಕಾದ ಇನ್ನೊಂದು ಸಂಗತಿ ಆಡುಮಾತು. ಕಲಬುರಗಿಯವರ, ಕುಂದಾಪುರದವರ, ಚಾಮರಾಜನಗರದವರ ಸಂಭಾಷಣೆ ಬೇರೆ ಕಡೆಯ ಓದುಗರಿಗೆ ಮೊದಲ ಓದಿಗೆ ಕಷ್ಟವೆನಿಸಬಹುದು. ಅದನ್ನು ‘ಶುದ್ಧ ಕನ್ನಡ’ಕ್ಕೆ ತಿದ್ದಲು ಹೊರಡಬೇಡಿ. ಒಂದು ಪದ ಅರ್ಥವಾಗಲಿಲ್ಲ ಎಂದು ಹೇಳುವುದು ಸರಿ, ಆ ಸೀಮೆಯ ಮಾತನ್ನೇ ತಪ್ಪು ಎನ್ನುವುದು ಸರಿಯಲ್ಲ. ಹೊಸ ಬರಹಗಾರರು ತಮ್ಮ ಮನೆಮಾತಿನ ಕನ್ನಡವನ್ನು ಕಳೆದುಕೊಳ್ಳುವುದು ಇಂಥ ತಿದ್ದುಗಳಿಂದಲೇ.

ನಿಮ್ಮ ಸರದಿ ಬಂದಾಗ

ಯೂನಿಕೋಡ್‌ನಲ್ಲಿ (ಯಾವ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರ ಸಂಕೇತ) ಟೈಪ್ ಮಾಡಿದ ಕಡತವನ್ನೇ ಕೊಡಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟಿಲ್ಲದ ಮೊಬೈಲಿನಲ್ಲಿ ಬರೀ ಗೋಜಲಾಗಿ ಕಾಣುತ್ತದೆ; ಅದನ್ನು ಯೂನಿಕೋಡಿಗೆ ಬದಲಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಕಥೆಯನ್ನು ಗೂಗಲ್ ಡಾಕ್ಸ್‌ಗೆ ಹಾಕಿ ಲಿಂಕ್ ಹಂಚುವಾಗ ಓದುವವರಿಗೆ ‘ಕಾಮೆಂಟರ್’ ಅನುಮತಿ ಕೊಡಿ. ಆಗ ಅವರು ಸಾಲಿನ ಪಕ್ಕದಲ್ಲೇ ಟಿಪ್ಪಣಿ ಬರೆಯಬಹುದು, ನಿಮ್ಮ ಪಠ್ಯ ಹಾಗೇ ಉಳಿಯುತ್ತದೆ. ಜೊತೆಗೆ ಒಂದು ಪ್ರಶ್ನೆ ಇಡಿ. ‘ಹೇಗಿದೆ?’ ಎಂದಲ್ಲ. ‘ಕೊನೆಯಲ್ಲಿ ಮಗಳು ಮನೆಗೆ ಮರಳಿದ್ದು ನಂಬುವಂತಿದೆಯೇ?’ ಎಂಬಂಥದ್ದು.

ಕಾಲ್‌ನಲ್ಲಿ ಸೇರುವುದಾದರೆ ಗೂಗಲ್ ಮೀಟ್‌ನ ಉಚಿತ ಸೌಲಭ್ಯದಲ್ಲಿ ಮೂವರು ಅಥವಾ ಹೆಚ್ಚು ಜನರಿಗೆ 60 ನಿಮಿಷ, ಜೂಮ್‌ನಲ್ಲಿ 40 ನಿಮಿಷ ಸಿಗುತ್ತದೆ. ಒಂದು ಗಂಟೆಗೆ ಎರಡು ಕಥೆ ಸಾಕು. ಭಾನುವಾರ ಬೆಳಿಗ್ಗೆ 8 ಗಂಟೆಗೆ ಇಟ್ಟುಕೊಂಡರೆ ಕ್ಯಾಲಿಫೋರ್ನಿಯಾದವರಿಗೆ ಶನಿವಾರ ಸಂಜೆಯಾಗಿರುತ್ತದೆ, ದುಬೈಯವರು 6.30ಕ್ಕೆ ಏಳಬೇಕಾಗುತ್ತದೆ. ಲಂಡನ್ನಿನವರು ಇದ್ದರೆ ನಮ್ಮ ಸಂಜೆಯ ಹೊತ್ತೇ ಒಳ್ಳೆಯದು.

ಚರ್ಚೆ ನಡೆಯುವಾಗ ಬರೆದವರು ಸುಮ್ಮನಿರುವುದು ಒಳ್ಳೆಯ ಪದ್ಧತಿ. ‘ನಾನು ಹೇಳಹೊರಟಿದ್ದು ಅದಲ್ಲ’ ಎಂದು ವಿವರಿಸಲು ನಾಲಿಗೆ ತುರಿಸುತ್ತದೆ, ತಡೆಯಿರಿ. ನಾಳೆ ಪುಟದ ಮೇಲೆ ಕಥೆ ಓದುವವರ ಪಕ್ಕದಲ್ಲಿ ನೀವು ಕೂತಿರುವುದಿಲ್ಲ. ಎಲ್ಲವನ್ನೂ ಬರೆದುಕೊಳ್ಳಿ, ಒಂದು ವಾರ ಕಡತ ತೆರೆಯಬೇಡಿ. ಮೂವರು ಒಂದೇ ಜಾಗದಲ್ಲಿ ಎಡವಿದ್ದರೆ ಅಲ್ಲಿ ತೊಂದರೆ ಇರುವುದು ಖಚಿತ, ಅವರು ಸೂಚಿಸಿದ ಪರಿಹಾರಗಳು ತಪ್ಪಿರಬಹುದಾದರೂ. ತಿದ್ದುವ ಬಗೆ ಬರೆದವರಿಗೆ ಬಿಟ್ಟಿದ್ದು.

ಹಕ್ಕು, ಪ್ರಕಟಣೆ, ಹಣ

ಕಥೆ ಕದ್ದರೆ ಏನು ಗತಿ ಎಂಬ ಭಯ ಅನೇಕರಿಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು; ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಅದು ಇರುತ್ತದೆ. ಆದರೆ ಕಾಯ್ದೆ ಕಾಯುವುದು ನೀವು ಬರೆದ ರೂಪವನ್ನು, ಹೊಳಹನ್ನಲ್ಲ. ಹಾಗಾಗಿ ಬರೆಯದ ಕಥೆಯ ಎಳೆಯನ್ನು ಗ್ರೂಪಿನಲ್ಲಿ ಹೇಳಿಕೊಳ್ಳುವುದಕ್ಕಿಂತ ಬರೆದ ಕರಡನ್ನು ಹಂಚುವುದೇ ಕ್ಷೇಮ. ಇನ್ನೊಬ್ಬರ ಕರಡನ್ನು ಅವರ ಒಪ್ಪಿಗೆಯಿಲ್ಲದೆ ಬೇರೆ ಗ್ರೂಪಿಗೂ, ಎಐ ಚಾಟ್‌ಗೂ ಹಾಕಬಾರದು.

ವಿಶೇಷಾಂಕದ ಸ್ಪರ್ಧೆಗಳು ಸಾಮಾನ್ಯವಾಗಿ ಅಪ್ರಕಟಿತ ಕಥೆಯನ್ನೇ ಕೇಳುತ್ತವೆ. ಎಲ್ಲರಿಗೂ ಕಾಣುವಂತೆ ಫೇಸ್‌ಬುಕ್ಕಿನಲ್ಲಿ ಅಥವಾ ಆ್ಯಪಿನಲ್ಲಿ ಹಾಕಿದರೆ ಅದನ್ನೂ ಪ್ರಕಟಣೆ ಎಂದೇ ಎಣಿಸಬಹುದು. ಸ್ಪರ್ಧೆಗೆ ಕಳಿಸುವ ಯೋಚನೆಯಿದ್ದ ಕಥೆ ಮುಚ್ಚಿದ ಕೂಟದೊಳಗೇ ಇರಲಿ, ಸ್ಪರ್ಧೆಯ ನಿಯಮವನ್ನೂ ಒಮ್ಮೆ ಓದಿಕೊಳ್ಳಿ.

ಕೊನೆಯದಾಗಿ ಹಣ. ‘ನಿಮ್ಮ ಕಥೆ ನಮ್ಮ ಸಂಕಲನಕ್ಕೆ ಆಯ್ಕೆಯಾಗಿದೆ, ಇಷ್ಟು ರೂಪಾಯಿ ಕಳಿಸಿ, ಪ್ರಮಾಣಪತ್ರ ಕೊಡುತ್ತೇವೆ’ ಎಂಬ ಸಂದೇಶಗಳು ಬಳಗ ಸೇರಿದ ಕೆಲವೇ ದಿನಗಳಲ್ಲಿ ಬರಬಹುದು. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅದಕ್ಕೆಂದು ಪ್ರತ್ಯೇಕ ಶುಲ್ಕ ಕೇಳುವವರಿಗೆ ಹಣ ಕಳಿಸಬೇಡಿ. ಮೊದಲ ಪುಸ್ತಕ ತರುವ ಹಂತ ತಲುಪಿದವರಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯಿದೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಕೂಟದಲ್ಲಿ ಒಬ್ಬರು ಇಂಥ ದಿನಾಂಕಗಳನ್ನು ಗಮನಿಸಿ ಉಳಿದವರಿಗೆ ತಿಳಿಸುವ ಹೊಣೆ ಹೊತ್ತರೆ ಎಲ್ಲರಿಗೂ ಅನುಕೂಲ.